ಶನಿಯಿಂದ ಮರಳುವ ದಾರಿ

ಶನಿಗ್ರಹವನ್ನು ವರ್ಷಗಟ್ಟಲೆ ಸುತ್ತಿದ ನೌಕೆಯನ್ನು ಅದರೊಳಕ್ಕೇ ಬೀಳಿಸಿ ಸುಟ್ಟುಬಿಡಬೇಕೆಂದು ನಿರ್ದೇಶಕ ಹೇಳಿದಾಗ, ಆ ನೌಕೆಗೆ ದಾರಿ ಲೆಕ್ಕ ಹಾಕುವವಳು ಚಹಾದ ಲೋಟ ಕೆಳಗಿಟ್ಟಳು. ನಿರ್ದೇಶಕ ಬೇರೆ ಯಾರೂ ಅಲ್ಲ, ಅವಳ ಸ್ವಂತ ಮೈದುನ. ಕಚೇರಿಯಲ್ಲಿ ಮಾತ್ರ 'ಮೇಡಂ' ಅನ್ನುತ್ತಿದ್ದ.

"ಅದರ ಹೊಟ್ಟೇಲಿ ಶನಿಯ ಉಂಗುರದ ಹಿಮದ ಚೂರಿದೆ. ಮನೆಗೆ ತರೋಣ," ಎಂದಳು.

"ಇಂಧನ ಎಲ್ಲಿದೆ ಮೇಡಂ? ಟ್ಯಾಂಕಿನ ತಳ ಕಾಣ್ತಿದೆ."

"ಸೂರ್ಯನ ಕಡೆ ಒಳಕ್ಕೆ ಬರೋಕೆ ಓಡಬೇಕಾಗಿಲ್ಲ, ನಿಧಾನ ಆಗಬೇಕು. ಆ ಕೆಲಸ ಗ್ರಹಗಳ ಕೈಲೇ ಮಾಡಿಸೋಣ. ಶನಿಯ ದೊಡ್ಡ ಚಂದ್ರನ ಪಕ್ಕ ಮತ್ತೆ ಮತ್ತೆ ಹಾಯಿಸಿದ್ರೆ ಶನಿಯ ಹಿಡಿತ ತಪ್ಪತ್ತೆ. ಆಮೇಲೆ ಗುರುಗ್ರಹದ ಮುಂದೆ ಹಾದ್ರೆ, ಅದೇ ಇದರ ವೇಗ ಎಳ್ಕೊಳ್ಳತ್ತೆ. ಅಲ್ಲಿಂದ ನಮ್ಮ ಭೂಮಿಯ ದಾರಿಗೆ ತಾನಾಗೇ ಬೀಳ್ತಾ ಬರತ್ತೆ."

"ಎಷ್ಟು ವರ್ಷ?"

"ಹದಿನಾಲ್ಕು."

ಮೈದುನ ನಕ್ಕುಬಿಟ್ಟ. "ಅಷ್ಟರಲ್ಲಿ ನಾವಿಬ್ಬರೂ ಕೋಲು ಹಿಡಿದಿರ್ತೀವಿ. ಇದರ ಮಾತು ಕೇಳೋಕೆ ಕಟ್ಟಿಹಾಕಿರೋ ಆಂಟೆನಾ ಹೊಸ ನೌಕೆಗೆ ಬೇಕು. ಮಧ್ಯಾಹ್ನವೇ ಬೀಳಿಸೋ ಆದೇಶ ಕಳಿಸಿ."

ಉಳಿದಿದ್ದ ಇಂಧನ ಒಂದೇ ದೊಡ್ಡ ತಿರುವಿಗೆ ಸಾಲುತ್ತಿತ್ತು: ಬೀಳಿಸಬೇಕು, ಇಲ್ಲವೇ ಶನಿಯ ಆ ಚಂದ್ರನತ್ತ ತಿರುಗಿಸಬೇಕು. ಆಮೇಲೆ ಸಣ್ಣಪುಟ್ಟ ತಿದ್ದುಪಡಿಗೆ ಚೂರುಪಾರು ಉಳಿದರೆ ಪುಣ್ಯ. ಊಟ ಮುಗಿಸಿ ಎಲ್ಲರೂ ಬಂದು ಕುಳಿತ ಮೇಲೆ ಅವಳು ಆದೇಶ ಕಳಿಸಿ, ಎದ್ದು ನಿಂತು ಗಟ್ಟಿಯಾಗಿಯೇ ಹೇಳಿದಳು. "ಬೀಳಿಸಿಲ್ಲ. ತಿರುಗಿಸಿದೀನಿ. ಮಾಡಿದ್ದು ನಾನೊಬ್ಬಳೇ."

ಮೈದುನ ಓಡಿಬಂದ. "ಆ ಆದೇಶ ವಾಪಸ್ ಕರೀರಿ!"

"ಬೆಳಕಿನ ವೇಗದಲ್ಲಿ ಹೋಗ್ತಿದೆ. ಹಿಂದೆ ಓಡಿ ಹಿಡೀತೀಯಾ?"

"ಅತ್ತಿಗೆ!" ಕಚೇರಿ ಅನ್ನುವುದನ್ನೇ ಮರೆತು ಅವನು ಕೂಗಿದ. ಹಿಂದಿನ ಸಾಲಿನಲ್ಲಿ ಯಾರೋ ನಗು ತಡೆಯಲಾರದೆ ಕೆಮ್ಮಿದರು.

ಸಂಜೆಯೊಳಗೆ ಅವಳ ಕೆಲಸ ಹೋಯಿತು.

"ನನ್ನ ತಮ್ಮನ ಮಾನ ಕಳೆದೆಯಂತೆ?" ಎಂದು ಗಂಡ ಬಾಗಿಲಲ್ಲೇ ಕೇಳಿದ.

"ಉಳಿಸಿದೀನಿ. ಅವನಿಗೆ ತಿಳಿಯೋಕೆ ಸ್ವಲ್ಪ ದಿನ ಬೇಕು," ಎಂದು ಅವಳು ಕಾಲು ತೊಳೆಯಲು ಹೋದಳು.

ತಿಂಗಳುಗಳು ಉರುಳಿದವು. ಅವಳು ಆದೇಶದ ಜೊತೆಗೇ ಕಳಿಸಿದ್ದ ಲೆಕ್ಕದಂತೆ ನೌಕೆ ಆ ಚಂದ್ರನ ಪಕ್ಕ ಕೂದಲೆಳೆಯಂತರದಲ್ಲಿ ಹಾಯುತ್ತ ಹಾಯುತ್ತ ಕೊನೆಗೆ ಶನಿಯ ಹಿಡಿತ ಬಿಡಿಸಿಕೊಂಡಿತು. ಪತ್ರಿಕೆಗಳೆಲ್ಲ ಅದನ್ನೇ ಬರೆದವು. ಮೈದುನ ಫೋನ್ ಮಾಡಿದ.

"ಮುಂದಿನ ದಾರಿ ಹೊಂದಿಸೋಕೆ ಇಲ್ಲಿ ಯಾರಿಗೂ ಬರ್ತಿಲ್ಲ. ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡಿ, ಕೆಲಸಕ್ಕೆ ತಗೋತೀವಿ."

"ತಪ್ಪು ಮಾಡಿದೋರು ಹೇಳ್ತಾರೆ ಅದನ್ನ."

"ಹಟ ಬಿಡಿ ಅತ್ತಿಗೆ."

"ಅವತ್ತು ಬಿಟ್ಟಿದ್ರೆ ಅದು ಬೂದಿ ಆಗ್ತಿತ್ತು."

"ಸರಿ, ಏನೂ ಹೇಳಬೇಡಿ. ಬನ್ನಿ, ಸಾಕು."

ಮರುದಿನ ಅವಳು ಹೋದಳು. ಗುರುಗ್ರಹ ಇನ್ನೂ ವರ್ಷಗಳ ದೂರದಲ್ಲಿತ್ತು. ಮೈದುನನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಮೊದಲಿನಿಂದ ವಿವರಿಸುತ್ತ ಲೆಕ್ಕ ಶುರುಮಾಡಿದಳು.