ಹನ್ನೆರಡು ಎಂಬಿ

ಪರದೆಯ ಮೇಲೆ ನೀಲಿ ಪಟ್ಟಿಯೊಂದು ಎಡದಿಂದ ಬಲಕ್ಕೆ ತೆವಳುತ್ತಿತ್ತು. ಅದು ತುದಿ ಮುಟ್ಟಿದರೆ ಒಂದು ಫೈಲು ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ದಾಟಿತೆಂದು ಅರ್ಥ. ಆ ದಿನವನ್ನು ನೆನೆದಾಗ ನನಗೆ ಮೊದಲು ಕಾಣುವುದು ಆ ಪಟ್ಟಿ, ಮುಖಗಳು ಆಮೇಲೆ.

ನಮ್ಮೂರಿನ ಸಭೆಯಲ್ಲಿ ಚಿದಂಬರಯ್ಯನವರು ಕಾವ್ಯ ವಾಚನ ಮಾಡುತ್ತಿದ್ದರು, ಶೇಷಾದ್ರಿ ಮೇಷ್ಟ್ರು ವ್ಯಾಖ್ಯಾನ ಹೇಳುತ್ತಿದ್ದರು. ಒಬ್ಬರು ಪದ್ಯವನ್ನು ರಾಗವಾಗಿ ಓದಿ ನಿಲ್ಲಿಸಿದರೆ ಇನ್ನೊಬ್ಬರು ಅದರ ಅರ್ಥ ಬಿಡಿಸುತ್ತಿದ್ದರು. ಅಕ್ಷರ ಕಲಿಯುವ ಮೊದಲೇ ನನಗೆ ಪದ್ಯಗಳು ಬಂದದ್ದು ಆ ಸಭೆಯ ಕಂಬಕ್ಕೆ ಒರಗಿ ಕುಳಿತು. ಇಬ್ಬರಿಗೂ ವಯಸ್ಸಾದ ಮೇಲೆ ಯಾರೋ ಭಕ್ತರು ಕಂಪ್ಯೂಟರೊಂದನ್ನು ಕೊಟ್ಟು ಧ್ವನಿಮುದ್ರಣಕ್ಕೆ ಏರ್ಪಾಡು ಮಾಡಿದರು. ಇಬ್ಬರಿಗೂ ಬೇರೆ ಬೇರೆ ಮೈಕು, ಬೇರೆ ಬೇರೆ ಫೈಲು. ಪ್ರತಿ ತೆಗೆದಿಡಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಚಿದಂಬರಯ್ಯನವರು ತೀರಿಕೊಂಡರು. ಮರುವರ್ಷ ಆ ಕಂಪ್ಯೂಟರಿನ ಡಿಸ್ಕು ಕರಕರ ಎನ್ನತೊಡಗಿತು.

ಪೇಟೆಯಲ್ಲಿ ಹಳೆಯ ಕಂಪ್ಯೂಟರು ರಿಪೇರಿ ಮಾಡುತ್ತಿದ್ದ ಮುನವ್ವರ್ ಬಂದು ಅದಕ್ಕೆ ಕಿವಿಗೊಟ್ಟ. "ಇದನ್ನ ಆಫ್ ಮಾಡ್ಬೇಡಿ. ಒಂದ್ಸಲ ನಿಂತ್ರೆ ಮತ್ತೆ ತಿರುಗಲ್ಲ. ಬಿಚ್ಚಿ ತಗೊಂಡುಹೋಗೋದೂ ಬೇಡ, ಇಲ್ಲೇ ತಂತಿ ಹಾಕಿ ಎಳ್ಕೊಳ್ಳೋಣ. ಸಂಜೆವರೆಗೂ ಬಾಳಿದ್ರೆ ನಮ್ಮ ಪುಣ್ಯ."

ಯಾವ ತಂತಿ ಎಂಬ ಪ್ರಶ್ನೆ ಬಂತು. ಪ್ರಿಂಟರಿನ ತಂತಿ ಬಲು ನಿಧಾನವಂತೆ. ನೆಟ್‌ವರ್ಕಿನದು ಸೆಕೆಂಡಿಗೆ ಹತ್ತು ಎಂಬಿ. ಯುಎಸ್‌ಬಿಯದು, ಹಳೆಯ ಕಾಲದ್ದಾದರೂ, ಹನ್ನೆರಡು ಎಂಬಿ.

ಮೇಷ್ಟ್ರು ಶಾಲೆಯಲ್ಲಿ ಕಲಿಸಿದ್ದು ಲೆಕ್ಕ. "ಒಟ್ಟು ಎಷ್ಟಿದೆಯಪ್ಪ?"

"ಮೂವತ್ತಾರು ಸಾವಿರ ಎಂಬಿ. ಅರ್ಧ ನಿಮ್ದು, ಅರ್ಧ ಅಯ್ಯನೋರ್ದು."

"ಸೆಕೆಂಡಿಗೆ ಹನ್ನೆರಡು ಅಂದ್ರೆ ಮೂರು ಸಾವಿರ ಸೆಕೆಂಡು. ಐವತ್ತು ನಿಮಿಷ. ಊಟದ ಹೊತ್ತಿಗೆ ಎರಡೂ ಮುಗಿಯತ್ತೆ." ಮೇಷ್ಟ್ರು ಚಿದಂಬರಯ್ಯನವರ ಪತ್ನಿ ಗೋದಾವರಮ್ಮನ ಕಡೆ ತಿರುಗಿ ನಕ್ಕರು. "ಜೀವಮಾನವೆಲ್ಲ ನಿಮ್ಮೆಜಮಾನರು ಮುಂದೆ, ನಾನು ಹಿಂದೆ. ಇವತ್ತೊಂದಿನ ನಾನು ಮುಂದೆ ಹೋಗ್ಲೇನಮ್ಮ?"

"ಹೋಗಿ, ಯಾರು ಬೇಡ ಅಂದ್ರು? ಅವರೇನು ಈಗ ಎದ್ದು ಬಂದು ಜಗಳ ಆಡ್ತಾರೆಯೇ!" ಎಂದರು ಆಕೆ.

ಹಾಗಾಗಿ ವ್ಯಾಖ್ಯಾನದ ಫೈಲುಗಳು ಮೊದಲು ಹೊರಟವು.

ಊಟದ ಹೊತ್ತು ಮೀರಿತು. ನೀಲಿ ಪಟ್ಟಿ ತುಂಬುವುದು, ಬರಿದಾಗುವುದು, ಮತ್ತೆ ಮೊದಲಿನಿಂದ ತೆವಳುವುದು. ಡಿಸ್ಕಿನ ಕರಕರ ಜೋರಾಗಿತ್ತು. ಮುನವ್ವರ್ ಯಾವುದೋ ಕಿಟಕಿ ತೆರೆದು ನೋಡಿದವನೇ ಹಣೆ ಚಚ್ಚಿಕೊಂಡ.

"ಮೇಷ್ಟ್ರೇ, ಎಡವಟ್ಟಾಯ್ತು. ನಾನು ಹನ್ನೆರಡು ಎಂಬಿ ಅಂದಿದ್ದು ಬಿಟ್ ಲೆಕ್ಕದಲ್ಲಿ. ಫೈಲು ಅಳೆಯೋದು ಬೈಟಿನಲ್ಲಿ. ಬಾಯಲ್ಲಿ ಎರಡಕ್ಕೂ ಎಂಬಿ ಅಂತಲೇ ಅಂತೀವಿ. ಎಂಟು ಬಿಟ್ ಸೇರಿದ್ರೆ ಒಂದು ಬೈಟು."

ಮೇಷ್ಟ್ರು ಬೆರಳು ಮಡಿಸಿ ಎಣಿಸಿದರು. "ಅಂದ್ರೆ ನೀನು ಮಾತ್ರೆ ಹೇಳಿದೆ, ನಾನು ಗಣ ಅಂತ ಎಣಿಸಿದೆ."

"ಅದೇನೋ ನಂಗೊತ್ತಿಲ್ಲ. ಹನ್ನೆರಡನ್ನ ಎಂಟರಲ್ಲಿ ಭಾಗಿಸಿ. ಒಂದೂವರೆ. ಅದೂ ಹೇಳೋಕೆ, ಈ ತಂತೀಲಿ ಬರೋದು ಒಂದೇ."

"ಹತ್ತರದ್ದು?"

"ಅದೂ ಬಿಟ್ ಲೆಕ್ಕವೇ. ಅದಕ್ಕೆ ಬದಲಾಯಿಸಿದ್ರೂ ದೊಡ್ಡ ಲಾಭ ಇಲ್ಲ."

ಇನ್ನು ಲೆಕ್ಕ ಯಾರೂ ಮಾಡಬೇಕಾಗಿರಲಿಲ್ಲ. ಐವತ್ತು ನಿಮಿಷವೆಂದದ್ದು ಹತ್ತು ಗಂಟೆಯಾಗಿತ್ತು. ಸಂಜೆಯೊಳಗೆ ದಾಟುವುದು ಒಬ್ಬರ ಧ್ವನಿ ಮಾತ್ರ. ದಾಟುತ್ತಿದ್ದುದು ಬದುಕಿದ್ದವರದು.

ಮುನವ್ವರ್ ಗೋದಾವರಮ್ಮನನ್ನು ನೋಡಿದ. ಆಕೆ ಸೆರಗು ಸರಿಪಡಿಸಿಕೊಂಡು, "ಮೇಷ್ಟ್ರದ್ದು ನಡೀತಿದೆಯಲ್ಲ, ನಡೀಲಿ" ಎಂದರು.

"ನಿಲ್ಸಯ್ಯ ನಂದನ್ನ" ಎಂದರು ಮೇಷ್ಟ್ರು.

"ಬೇಡ. ಅವರು ಓದಿದ್ದು ನನ್ನ ಕಿವೀಲಿದೆ. ನೀವು ಹೇಳಿದ ಅರ್ಥ ಯಾರ ಕಿವೀಲಿದೆ? ಪದ್ಯ ಮುಗಿದ ತಕ್ಷಣ ಅರ್ಧ ಸಭೆ ಎದ್ದು ಹೋಗ್ತಿತ್ತು."

ಬೇರೆ ಯಾರಾದರೂ ಈ ಮಾತು ಆಡಿದ್ದರೆ ಮೇಷ್ಟ್ರು ಕೆರಳುತ್ತಿದ್ದರು. ಅಂದು ಹಾಗಾಗಲಿಲ್ಲ. "ನಿಜವೇ. ಆದ್ರೆ ನಂಗಿನ್ನೂ ಬಾಯಿದೆಯಲ್ಲಮ್ಮ. ಕೇಳೋರಿದ್ರೆ ಮತ್ತೆ ಹೇಳ್ತೀನಿ. ಅವನು ಮತ್ತೆ ಓದ್ತಾನೆಯೇ?"

ನಡುವೆ ನಿಂತ ನೀಲಿ ಪಟ್ಟಿಯನ್ನು ಮುನವ್ವರ್ ಅಳಿಸಿದ. ಹೊಸ ಪಟ್ಟಿಯೊಂದು ಎಡತುದಿಯಿಂದ ಹೊರಟಿತು. ಮಧ್ಯಾಹ್ನವೆಲ್ಲ ನಾವು ಯಾರೂ ಕದಲಲಿಲ್ಲ. ಗೋದಾವರಮ್ಮ ಹಳೆಯ ಕಂಪ್ಯೂಟರಿನ ಡಬ್ಬದ ಪಕ್ಕ ಕುಳಿತು ಬೀಸಣಿಗೆಯಿಂದ ಅದಕ್ಕೆ ಗಾಳಿ ಹಾಕುತ್ತಿದ್ದರು. ಮುನವ್ವರ್ ಬೇಡವೆನ್ನಲಿಲ್ಲ. ನಾನು ಮನಸ್ಸಿನಲ್ಲೇ ನಾಮ ಜಪಿಸುತ್ತ ಆ ಕರಕರ ಸದ್ದನ್ನೇ ಕೇಳಿಸಿಕೊಳ್ಳುತ್ತಿದ್ದೆ. ದೀಪ ಹಚ್ಚುವ ಹೊತ್ತಿಗೆ ವಾಚನದ ಕೊನೆಯ ಫೈಲು ದಾಟಿತು. ಮುನವ್ವರ್ ವ್ಯಾಖ್ಯಾನದ ಉಳಿದ ಫೈಲುಗಳನ್ನು ಮತ್ತೆ ಹಚ್ಚಿದ. ಒಂದೂ ಪೂರ್ತಿ ಬರುವ ಮೊದಲೇ ಡಿಸ್ಕು ನಿಂತಿತು. ಅದು ನಿಂತ ಮೇಲೆಯೇ ಕೋಣೆಯಲ್ಲಿ ಅಷ್ಟು ಸದ್ದಿತ್ತೆಂಬುದು ನಮಗೆ ತಿಳಿದದ್ದು.

"ಬಂದಿದ್ದು ಸರಿಯಾಗಿದೆಯಾ ನೋಡ್ಬಿಡೋಣ" ಎಂದು ಮುನವ್ವರ್ ಒಂದನ್ನು ಹಾಕಿದ.

ಚಿದಂಬರಯ್ಯನವರ ಕಂಠ ಕೋಣೆ ತುಂಬಿತು. ಗೋದಾವರಮ್ಮನ ಬೀಸಣಿಗೆ ಮಡಿಲಿಗೆ ಇಳಿಯಿತು. ಪದ್ಯ ಮುಗಿಯಿತು, ಮುಂದೆ ಬರೀ ಮೌನ. ಅವರ ಮೈಕಿನಲ್ಲಿ ಮೇಷ್ಟ್ರ ಮಾತು ಇರಲಿಲ್ಲ, ಅದರ ಜಾಗ ಮಾತ್ರ ಇತ್ತು. ಮುನವ್ವರ್ ಮುಂದಕ್ಕೆ ಓಡಿಸಲು ಕೈ ಚಾಚಿದ. ಮೇಷ್ಟ್ರು ಆ ಕೈ ಹಿಡಿದರು. ಆಮೇಲೆ ಕುಳಿತಲ್ಲೇ ಬೆನ್ನು ನೇರ ಮಾಡಿ, ಕಮ್ಮಿ ದನಿಯಲ್ಲಿ, ಆ ಪದ್ಯದ ಅರ್ಥ ಹೇಳಲು ಶುರುಮಾಡಿದರು.

ಒಂದೆರಡು ವಾಕ್ಯ ಆಗಿರಬೇಕು. ಸ್ಪೀಕರಿನಿಂದ "ಹ್ಞೂಂ" ಎಂಬ ದನಿ ಬಂತು. ಅಂದು ಸಭೆಯಲ್ಲಿ ಮೇಷ್ಟ್ರ ಯಾವ ಮಾತಿಗೆ ಮೆಚ್ಚಿ ಅಯ್ಯನವರು ಹಾಗೆಂದಿದ್ದರೋ, ಇಲ್ಲಿ ಮೇಷ್ಟ್ರು ಉಸಿರೆಳೆದುಕೊಳ್ಳಲು ನಿಂತ ಕಡೆಗೇ ಅದು ಬಂದು ಕೂತಿತ್ತು. ಮೇಷ್ಟ್ರ ಮಾತು ತಡವರಿಸಿತು, ಮುಂದುವರಿಯಿತು. ಯಾರೂ ಎದ್ದು ಹೋಗಲಿಲ್ಲ.

ಆಮೇಲೆ ಸ್ಪೀಕರಿನಲ್ಲಿ ಗಂಟಲು ಸರಿಮಾಡಿಕೊಂಡ ಸದ್ದು. ಮುಂದಿನ ಪದ್ಯ ಶುರುವಾಗುವುದರಲ್ಲಿತ್ತು. ಮೇಷ್ಟ್ರು ಹೇಳುತ್ತಿದ್ದ ವಾಕ್ಯವನ್ನು ಅರ್ಧಕ್ಕೇ ಬಿಟ್ಟು, ಕೈಕಟ್ಟಿ ಕುಳಿತರು.