ಕಿಟಕಿ ತೆರೆದಿಟ್ಟ ಹಬ್ಬ

ಹೊಳೆಯ ಮಂಜುಗಡ್ಡೆ ಒಡೆದ ದಿನವೇ ಜ್ಲಾಟೆಯ ಮನೆಗೆ ಆ ಹುಡುಗಿ ಬಂದದ್ದು. ಬಂದದ್ದು ಅನ್ನುವುದು ತಪ್ಪು, ಜ್ಲಾಟೆಯೇ ಎತ್ತಿಕೊಂಡು ಬಂದಳು. ನಮ್ಮ ಯೆಹೂದ್ಯರ ಪಾಸ್ಕ ಹಬ್ಬಕ್ಕೆ ಪಾತ್ರೆ ತೊಳೆಯಲು ದಂಡೆಗೆ ಹೋದವಳಿಗೆ, ವಿಲ್ಲೋ ಪೊದೆಯ ಬುಡದಲ್ಲಿ ಸೊಂಟದವರೆಗೆ ಒದ್ದೆಯಾಗಿ ಬಿದ್ದಿದ್ದ ಏಳೆಂಟು ವರ್ಷದ ಮಗು ಕಂಡಿತು. ಆಚೆ ದಡದ ಕ್ರೈಸ್ತರ ಹಳ್ಳಿಯದು, ಕೊರಳಲ್ಲಿ ಶಿಲುಬೆ. ಈಸ್ಟರಿನ ಹಿಂದಿನ ಗರಿಗಳ ಭಾನುವಾರಕ್ಕೆ ಚರ್ಚಿಗೆ ಒಯ್ಯುವ ಟೊಂಗೆ ಕೊಯ್ಯಲು ಗಡ್ಡೆಯ ಮೇಲೆ ನಡೆದು ಬಂದಿದೆ, ಹಿಂದೆಯೇ ಗಡ್ಡೆ ಬಿರಿದಿದೆ. ಆ ಚೂರುಗಳೆಲ್ಲ ಹರಿದುಹೋಗುವ ತನಕ ದೋಣಿ ಹಾಕುವಂತಿರಲಿಲ್ಲ.

ಲಿಪೋವ್ಕಾದ ಯೆಹೂದ್ಯರ ಬೀದಿಯಲ್ಲಿ ನಾನು ಅವಳ ಪಕ್ಕದ ಮನೆಯವಳು. ಅವಳ ಗಂಡ ಆನ್ಶೆಲ್ ಕೂಗಿದ್ದು ನನ್ನ ಅಡುಗೆಮನೆಗೇ ಕೇಳಿಸಿತು.

“ನಿನಗೇನು ತಲೆ ಕೆಟ್ಟಿದೆಯೇನೇ? ಈ ವಾರವೇ ಅವರ ಮಗೂನ ಮನೆಗೆ ತರ್ತೀಯಾ?”

“ಮೈ ಕೆಂಡದ ಹಾಗೆ ಸುಡ್ತಿದೆ ಆನ್ಶೆಲ್. ಮುಂದಿನ ವಾರ ಬಾ ಅನ್ನಲೇನು?”

ಅವನ ಹೆದರಿಕೆ ಸುಮ್ಮನೆ ಬಂದದ್ದಲ್ಲ. ನಾವು ಕ್ರೈಸ್ತರ ಮಗುವನ್ನು ಕೊಂದು ಅದರ ರಕ್ತವನ್ನು ಹಬ್ಬದ ರೊಟ್ಟಿಗೆ ಕಲಸುತ್ತೇವೆ ಅನ್ನುವ ಹಳೇ ಸುಳ್ಳು ಪ್ರತಿ ವಸಂತಕ್ಕೂ ಚಿಗುರುತ್ತಿತ್ತು. ಹಿಂದಿನ ವರ್ಷ ಕೆಳಗಿನ ಪೇಟೆಯಲ್ಲಿ ಒಬ್ಬ ಹುಡುಗ ಕಾಣೆಯಾದ. ಅವನು ಅಜ್ಜಿಯ ಮನೆಯಲ್ಲಿ ಸಿಗುವಷ್ಟರಲ್ಲಿ ಅಲ್ಲಿನ ನಮ್ಮವರ ಬೀದಿ ಸುಟ್ಟುಹೋಗಿತ್ತು.

ಪೊಲೀಸಿನವನಿಗೆ ಹೇಳಿಕಳಿಸಿದರು. “ನೀವೇ ತಂದಿರಿ, ನೀವೇ ಇಟ್ಕೊಳ್ಳಿ. ಸತ್ತರೆ ಮಾತ್ರ ನಾನು ಬರ್ತೀನಿ,” ಎಂದನಂತೆ.

ಬೀದಿಯವರೆಲ್ಲ ನಮ್ಮ ಗುರುಗಳಾದ ರಬ್ಬಿ ಮೆಷುಲಮರ ಮನೆಯಲ್ಲಿ ಸೇರಿದೆವು. ಸಭಾಮಂದಿರದ ಯಜಮಾನ ಫೈವಿಷ್ ಕೂರಲೂ ಒಲ್ಲ.

“ಅವರ ರೋಗಿಗಳನ್ನೂ ನಮ್ಮ ರೋಗಿಗಳ ಜೊತೆ ನೋಡ್ಕೋಬೇಕು, ಶಾಂತಿಗೋಸ್ಕರ. ಹಿರಿಯರು ಹೇಳಿದ್ದು, ನಂದಲ್ಲ,” ಎಂದರು ರಬ್ಬಿ.

“ಶಾಂತಿ ಎಲ್ಲಿದೆ ರಬ್ಬಿಗಳೇ? ನನ್ನ ತಮ್ಮನ ಅಂಗಡಿ ಬೂದಿ ಆಯ್ತಲ್ಲ, ಅಲ್ಲಿದೆಯಾ?”

“ಶಾಂತಿ ಆಗಲೇ ಇದ್ದಿದ್ರೆ ಅದಕ್ಕೋಸ್ಕರ ನಾವು ಏನು ಮಾಡೋದಿತ್ತು, ಫೈವಿಷ್?”

“ನಾವು ಒಳ್ಳೇವರು ಅಂತ ತೋರಿಸಿಕೊಂಡ್ರೆ ಅವರು ಹೊಡೆಯೋದು ಬಿಡ್ತಾರಾ?”

“ಬಿಡ್ತಾರೋ ಇಲ್ವೋ ನಂಗೊತ್ತಿಲ್ಲ. ಹೊಡೀತಾರೆ ಅನ್ನೋ ಭಯಕ್ಕೆ ಮಗೂನ ಕೆಸರಲ್ಲಿ ಬಿಟ್ಟು ಬಂದ್ರೆ, ಅವರು ನಮ್ಮ ಬಗ್ಗೆ ಹೇಳೋದನ್ನ ನಾವೇ ಅರ್ಧ ನಿಜ ಮಾಡಿದ ಹಾಗಾಗುತ್ತೆ.” ಆಮೇಲೆ ಜ್ಲಾಟೆಯ ಕಡೆ ತಿರುಗಿ, “ಒಂದು ಕೆಲಸ ಮಾಡಮ್ಮ. ಬಾಗಿಲು, ಕಿಟಕಿ ಯಾವುದನ್ನೂ ಮುಚ್ಚಬೇಡ. ಹೋಗೋರು ಬರೋರಿಗೆಲ್ಲ ಒಳಗೆ ಕಾಣಲಿ,” ಎಂದರು.

ಹಾಗೆ ಆ ಮನೆ ಬಯಲಾಯಿತು. ಮಗು ಒಲೆಯ ಮೇಲಿನ ಬೆಚ್ಚನೆಯ ಕಟ್ಟೆಯಲ್ಲಿ. ಗಂಡಹೆಂಡಿರಿಗೆ ಕೋಟು ಹಾಕಿಕೊಂಡೇ ಊಟ, ನಿದ್ದೆ. ಎಷ್ಟು ಸೌದೆ ಹಾಕಿದರೂ ಸಾಲದು. ನಾವೆಲ್ಲ ಕೊಟ್ಟೆವು. ಫೈವಿಷನೂ ಬೈಯುತ್ತಲೇ ಒಂದು ಹೊರೆ ಕಳಿಸಿದ.

ಮಗುವಿನ ಹೆಸರು ಒದಾರ್ಕಾ. ಜ್ವರದ ನಡುವೆ ಒಮ್ಮೆ ಕಣ್ಣು ಬಿಟ್ಟು, ಹಬ್ಬಕ್ಕೆಂದು ತಂದಿಟ್ಟ ಹುಳಿಯಿಲ್ಲದ ರೊಟ್ಟಿ ನೋಡಿ ಕಿಟಾರನೆ ಕಿರುಚಿಕೊಂಡಿತು: “ನನ್ನದು ಹಾಕಬೇಡಿ! ನನ್ನದು ಹಾಕಬೇಡಿ!” ಏನದು ಅಂತ ಮೊದಲು ನಮಗೆ ತಿಳಿಯಲಿಲ್ಲ. ತಿಳಿದಾಗ ಆನ್ಶೆಲ್ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಜ್ಲಾಟೆ ರೊಟ್ಟಿಗೆ ಬಟ್ಟೆ ಮುಚ್ಚಿದಳು. ಕೋಳಿಸಾರಿನಲ್ಲಿ ಆಲೂಗಡ್ಡೆ ಹಿಸುಕಿ, ಮೊದಲ ಚಮಚ ತಾನು ತಿಂದು ತೋರಿಸಿ, ಆಮೇಲೆ ತಿನ್ನಿಸಿದಳು.

ಹಬ್ಬದ ಹಿಂದಿನ ಬೆಳಿಗ್ಗೆ ಮಗುವಿನ ಉಸಿರು ಗೊರಗೊರ ಅನ್ನತೊಡಗಿತು. ಜ್ಲಾಟೆ ಗಾಜಿನ ಪುಟ್ಟ ಬಟ್ಟಲುಗಳನ್ನು ತೆಗೆದಳು. ಒಳಗೆ ಬೆಂಕಿ ಆಡಿಸಿ ಬೆನ್ನಿಗೆ ಕವುಚಿದರೆ ಕಫ ಸಡಿಲವಾಗುತ್ತದೆ. ಆದರೆ ಬಳೆಯಂಥ ಕೆಂಪು ಗುರುತು ಎಷ್ಟೋ ದಿನ ಉಳಿಯುತ್ತದೆ.

“ನಿನ್ನ ದಮ್ಮಯ್ಯ ಕಣೇ, ಅವಳ ಮೈಮೇಲೆ ಒಂದು ಗುರುತೂ ಬೇಡ,” ಎಂದ ಆನ್ಶೆಲ್.

“ಗುರುತಿಲ್ಲದ ಹೆಣ ಕೊಡೋಣವಾ ಅವರಮ್ಮನಿಗೆ?” ಎಂದು ಅವಳು ಕವುಚಿಯೇಬಿಟ್ಟಳು. ಮೊದಲನೆಯದು ಜಾರಿತು.

ಆಚೆ ದಡದಲ್ಲಿ ಜನ ಸೇರುತ್ತಿದ್ದರು. ಒಬ್ಬ ಹೆಂಗಸು ಕೂಗುತ್ತಿದ್ದಳು. ಗಡ್ಡೆಗಳು ಢೀ ಕೊಡುವ ಸದ್ದಿನಲ್ಲಿ ಒಂದು ಮಾತೂ ತಿಳಿಯದು. ಜ್ಲಾಟೆ ಮಗುವಿಗೆ ಕಂಬಳಿ ಸುತ್ತಿ ದಂಡೆಗೆ ಒಯ್ದು ಎತ್ತಿ ತೋರಿಸಿದಳು. ಅಷ್ಟು ದೂರಕ್ಕೆ ಅದು ಮಗುವಿನ ಹಾಗೆ ಕಂಡಿತೋ, ಹೆಣದ ಹಾಗೆ ಕಂಡಿತೋ. ಕೂಗು ಇನ್ನೂ ಜಾಸ್ತಿಯಾಯಿತು. ಹಬ್ಬದ ಊಟಕ್ಕೆ ಕೂತಾಗಲೂ ನಮ್ಮ ಕಿವಿಯೆಲ್ಲ ಹೊಳೆಯ ಕಡೆಗೇ. ಗಡ್ಡೆ ಬೇಗ ಹರಿದುಹೋಗಲಿ ಎಂದು ಬೇಡಬೇಕೋ, ಹೋಗದಿರಲಿ ಎಂದು ಬೇಡಬೇಕೋ ತೋಚಲಿಲ್ಲ.

ಹಬ್ಬದ ನಡುವೆ ಒಂದು ಬೆಳಿಗ್ಗೆ ದೋಣಿ ಬಂತು. ತಾಯಿ ಯಾವ್ದೋಖಾ, ಅವಳ ತಮ್ಮ, ದೊಣ್ಣೆ ಹಿಡಿದ ಇನ್ನಷ್ಟು ಗಂಡಸರು. ಒದಾರ್ಕಾ ಅಷ್ಟರಲ್ಲಿ ಎದ್ದು ಕೂರುವಂತಾಗಿದ್ದಳು. ತಾಯಿ ಅವಳನ್ನು ಅಂಗಳಕ್ಕೆ ಎಳೆದು ತಂದು, ಆ ಚಳಿಯಲ್ಲೇ ಅಂಗಿ ಬಿಚ್ಚಿಸಿ, ಕೈ, ಕಂಕುಳು, ಕಾಲ್ಬೆರಳ ಸಂದಿ ಎಲ್ಲ ಹುಡುಕಿದಳು. ನಾವು ನಿಂತು ನೋಡಿದೆವು. ಬೆನ್ನು ತಿರುಗಿಸಿದಾಗ ಕೆಂಪು ಸುತ್ತುಗಳು ಕಂಡವು.

“ನೋಡ್ರೋ! ಹೀರಿದ್ದಾರೆ!” ತಮ್ಮ ದೊಣ್ಣೆ ಎತ್ತಿದ.

ಯಾವ್ದೋಖಾ ಆ ಗುರುತಿನ ಮೇಲೆ ಬೆರಳಾಡಿಸಿದಳು. “ಬಾಯ್ಮುಚ್ಚೋ. ಬಟ್ಟಲು ಹಾಕಿದ್ದು ಇದು. ಅವ್ವ ನಿಂಗೂ ಹಾಕಿದ್ಲು, ಹಂದಿ ಥರ ಅರಚಿದ್ದೆ.”

ಯಾರೂ ನಗಲಿಲ್ಲ. ಅವಳು ಮಗುವಿಗೆ ಅಂಗಿ ತೊಡಿಸಿ, ಹೆಗಲಿಗೆ ಹಾಕಿಕೊಂಡು ದೋಣಿಯ ಕಡೆ ನಡೆದಳು. ಹೊಸ್ತಿಲಲ್ಲಿ ನಿಂತಿದ್ದ ಜ್ಲಾಟೆಯನ್ನು ಒಮ್ಮೆ ನೋಡಿದಳು, ಅಷ್ಟೆ.

ಅವರ ಈಸ್ಟರಿಗೆ ನಮ್ಮ ಬೀದಿಗೆ ಎಂದಿನಂತೆ ಕಲ್ಲು ಬಿದ್ದವು. ಎಸೆದವರು ಆಚೆ ದಡದವರಲ್ಲ, ಬೇರೆ ಎಲ್ಲಿಂದಲೋ ಬಂದ ಕುಡುಕರು. ರಬ್ಬಿಗಳ ಹೆಂಡತಿಯ ಹಣೆ ಒಡೆಯಿತು. ನೋಡಲು ಹೋದ ಜ್ಲಾಟೆ ಬಾಗಿಲಲ್ಲೇ ಸಿಡಿದಳು.

“ಏನು ಬಂತು ರಬ್ಬಿಗಳೇ? ಹೇಳಿ, ನಮಗೇನು ಬಂತು?”

ಹೆಂಡತಿಯ ಹಣೆಗೆ ಬಟ್ಟೆ ಒತ್ತಿ ಹಿಡಿದಿದ್ದ ರಬ್ಬಿ ತಲೆ ಎತ್ತಲಿಲ್ಲ. “ಮಗು ಬದುಕಿದೆಯಲ್ಲಮ್ಮ.”

“ಅಷ್ಟೇನಾ?”

“ಅಷ್ಟೆ. ಬೇರೇನೋ ಸಿಗುತ್ತೆ ಅಂತ ನಾನು ಹೇಳಿದ್ನಾ?”

ಆ ಬೇಸಿಗೆಯೆಲ್ಲ ಜ್ಲಾಟೆಯ ಸಿಟ್ಟು ಇಳಿಯಲಿಲ್ಲ. ಆಚೆ ದಡದ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಆದರೆ ಎಲ್ಲಾದರೂ ಮಗು ಅತ್ತರೆ, ಯಾರದೇ ಇರಲಿ, ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದಳು.