ಹಳದಿ ಚೀಲದಲ್ಲಿ ಫೋನು

ಪೆರಂಬೂರಿನ ಆ ಮನೆಯಲ್ಲಿ ಬೆಳಗಿನ ಕಾಫಿಗೂ ಮುಂಚೆ ಒಂದು ವಿಚಾರಣೆ ನಡೆಯುತ್ತಿತ್ತು. ಜಯಲಕ್ಷ್ಮಿಯವರು ಕನ್ನಡಕ ಏರಿಸಿ, ನೋಟ್‌ಬುಕ್ ತೆರೆದು, ಸೊಸೆ ರಂಜನಿಯನ್ನು ಕೇಳುತ್ತಿದ್ದರು: ರಾತ್ರಿ ಸಿಗ್ನಲ್ ಹೋಯಿತೆ, ಹೋದದ್ದು ಎಷ್ಟು ಗಂಟೆಗೆ, ಬಂದದ್ದು ಎಷ್ಟಕ್ಕೆ.

ಸಿಗ್ನಲ್ಲು ಹದಿಮೂರು ವರ್ಷದ ಮೊಮ್ಮಗಳು ವೀಕ್ಷಾಳದು. ಅವಳಿಗೆ ಟೈಪ್ ಒನ್ ಮಧುಮೇಹ. ತೋಳಿನ ಹಿಂಬದಿಗೆ ನಾಣ್ಯದಗಲದ ಸೆನ್ಸರ್ ಅಂಟಿಸಿರುತ್ತಾರೆ. ಐದು ನಿಮಿಷಕ್ಕೊಮ್ಮೆ ಅದು ಸಕ್ಕರೆಯ ಅಂಕಿಯನ್ನು ಫೋನಿಗೆ ಕಳಿಸುತ್ತದೆ. ಅಂಕಿ ಎಪ್ಪತ್ತಕ್ಕಿಂತ ಕೆಳಗಿಳಿದರೆ ಫೋನು ಕೂಗಿ ಎಬ್ಬಿಸುತ್ತದೆ. ಆದರೆ ಸೆಪ್ಟೆಂಬರಿನ ಒಂದು ರಾತ್ರಿ ಸಿಗ್ನಲ್ ತಪ್ಪಿದ್ದಾಗಲೇ ಸಕ್ಕರೆ ನಲವತ್ತೆಂಟಕ್ಕೆ ಇಳಿದಿತ್ತು. ಫೋನು ಸುಮ್ಮನಿತ್ತು. ರಂಜನಿ ನೀರು ಕುಡಿಯಲು ಎದ್ದವಳು ಮಗಳ ಹಣೆಯ ಬೆವರು ಕಂಡಿದ್ದರಿಂದ ಹುಡುಗಿ ಉಳಿದಳು. ಅಂದಿನಿಂದ ಸಿಗ್ನಲ್ ಇಪ್ಪತ್ತು ನಿಮಿಷ ತಪ್ಪಿದರೂ ಫೋನು ಕೂಗುವಂತೆ ಮಾಡಿಕೊಂಡು, ಕೂಗಿದಾಗಲೆಲ್ಲ ಅವಳೇ ಏಳುತ್ತಿದ್ದಳು.

ಈಗ ತಿರುಚ್ಚಿಯಿಂದ ಪತ್ರ ಬಂದಿತ್ತು. ಥ್ರೋಬಾಲ್ ರಾಜ್ಯ ತಂಡದ ಆಯ್ಕೆ ಶಿಬಿರ, ಜನವರಿ ಎರಡರಿಂದ ನಾಲ್ಕು ರಾತ್ರಿ. ಒಪ್ಪಿಗೆ ಪತ್ರ ಡಿಸೆಂಬರ್ ಹದಿನೈದರೊಳಗೆ ಶಾಲೆ ಸೇರಬೇಕು. ವೀಕ್ಷಾಳ ಅಪ್ಪ ಗುರುಚರಣ ಗಿಂಡಿ ಬಡಾವಣೆಯ ಕಚೇರಿಯೊಂದರಲ್ಲಿ ಎಂಜಿನಿಯರ್. ಗಡುವಿಗೆ ಮುಂಚಿನ ವಾರ ಸತತ ಏಳು ರಾತ್ರಿ ಸಿಗ್ನಲ್ ತಪ್ಪದಿದ್ದರೆ ಮಾತ್ರ ಸಹಿ ಎಂದು ಅವನು ಹೇಳಿಬಿಟ್ಟಿದ್ದ. ಹುಡುಗಿ ಅತ್ತು, ಊಟ ಬಿಟ್ಟು, ಕೊನೆಗೆ ಅಜ್ಜಿಯ ಪಕ್ಕ ಬಂದು ಕೂತಿದ್ದಳು.

ಜಯಲಕ್ಷ್ಮಿಯವರು ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನ ದೂರು ವಿಭಾಗದಲ್ಲಿದ್ದವರು. ಪ್ರತಿ ದೂರಿಗೂ ಅಲ್ಲೊಂದು ಚೀಟಿ, ಅದರ ಹೆಸರು ಡಾಕೆಟ್. ಕೆಟ್ಟ ಹೊತ್ತು, ಸರಿಯಾದ ಹೊತ್ತು, ಕೊನೆಗೆ ಕಾರಣ. ಕಾರಣ ಖಚಿತವಾಗುವವರೆಗೆ ಆ ಕಾಲಂ ಖಾಲಿ ಇರಬೇಕು. ಮಳೆಯಲ್ಲಿ ಕೆಟ್ಟ ಲೈನು ಲೈನ್‌ಮನ್ ಹೋಗುವ ಹೊತ್ತಿಗೆ ಒಣಗಿ ಸರಿಯಾಗಿರುವುದನ್ನು ಅವರು ಎಷ್ಟೋ ಸಲ ಕಂಡಿದ್ದರು. ಇದೂ ಅದೇ ಜಾತಿ. ಸಂಪರ್ಕ ಮರಳಿದ ಕೂಡಲೆ ಸೆನ್ಸರ್ ತನ್ನಲ್ಲಿ ಉಳಿದ ಅಂಕಿಗಳನ್ನೆಲ್ಲ ಕಳಿಸಿಬಿಡುತ್ತದೆ. ಬೆಳಿಗ್ಗೆ ನೋಡಿದರೆ ಫೋನಿನ ಗ್ರಾಫಿನಲ್ಲಿ ಗೆರೆ ಎಲ್ಲೂ ತುಂಡಾಗಿರುವುದಿಲ್ಲ. ಹಾಗಾಗಿ ನವೆಂಬರ್ ಮೂರರಿಂದ ಅವರು ನೋಟ್‌ಬುಕ್ಕಿನಲ್ಲಿ ಡಾಕೆಟ್ ಬರೆಯತೊಡಗಿದ್ದರು.

"ಎನ್ನ ಪಾಟಿ, ಡೈಲಿ ಅಟೆಂಡೆನ್ಸಾ?" ಎಂದು ವೀಕ್ಷಾ ಅಜ್ಜಿಯನ್ನು ರೇಗಿಸುತ್ತಿದ್ದಳು. ಮನೆಯವರ ಕನ್ನಡಕ್ಕೆ ಅವಳ ಉತ್ತರ ಯಾವಾಗಲೂ ತಮಿಳು.

ಮೊದಲ ಹದಿನಾಲ್ಕು ರಾತ್ರಿಗಳಲ್ಲಿ ಒಂಬತ್ತು ಸಲ ಸಿಗ್ನಲ್ ಹೋಯಿತು. ಹದಿನೇಳನೇ ತಾರೀಕು ಗುರುಚರಣ ಕೂತು ಒಂದೇ ಏಟಿಗೆ ಐದು ಕೆಲಸ ಮಾಡಿದ: ಬ್ಯಾಟರಿ ಉಳಿಸುವ ಸೆಟ್ಟಿಂಗ್ ತೆಗೆದ, ಆ್ಯಪ್ ಹೊಸದು ಹಾಕಿದ, ಬ್ಲೂಟೂತ್ ಮತ್ತೆ ಜೋಡಿಸಿದ, ಫೋನಿನ ಕವರ್ ಕಳಚಿದ, ಚಾರ್ಜರ್ ಬದಲಿಸಿದ. ಮುಂದಿನ ಹದಿನಾಲ್ಕು ರಾತ್ರಿ ಒಂದು ಸಲವೂ ತಪ್ಪಲಿಲ್ಲ.

"ನೋಡ್ದ್ಯಾಮ್ಮಾ? ನಿನ್ನ ಎಕ್ಸ್‌ಚೇಂಜ್ ಇನ್ನು ಮುಚ್ಚಬಹುದು."

"ಐದು ಬದಲಾಯಿಸಿದ್ಯಲ್ಲೋ ಗುರು, ಅದ್ರಲ್ಲಿ ಯಾವ್ದು ಕೆಲಸ ಮಾಡ್ತು ಹೇಳು ನೋಡೋಣ."

ಅವನು ನಕ್ಕು ಕಚೇರಿಗೆ ಹೊರಟ. ಡಿಸೆಂಬರ್ ಒಂದರ ರಾತ್ರಿ ಸಿಗ್ನಲ್ ಮತ್ತೆ ಹೋಯಿತು. ಆ ತಿಂಗಳ ಮೊದಲ ಆರು ರಾತ್ರಿಗಳಲ್ಲಿ ನಾಲ್ಕು ಸಲ. ವೀಕ್ಷಾ ಚೆಂಡನ್ನು ಮಂಚದ ಕೆಳಗೆ ತಳ್ಳಿದಳು.

ಏಳನೇ ತಾರೀಕು, ಭಾನುವಾರ. ಬೆಳಿಗ್ಗೆ ಐದಕ್ಕೆ ಬಾಗಿಲಿಗೆ ನೀರು ಹಾಕಲು ಹೊರಟ ಜಯಲಕ್ಷ್ಮಿ ಮೊಮ್ಮಗಳ ಕೋಣೆಯ ಮುಂದೆ ನಿಂತರು. ಹುಡುಗಿ ಗೋಡೆಗೆ ಮುಖ ಮಾಡಿ ಎಡಮಗ್ಗುಲಾಗಿ ಮಲಗಿದ್ದಳು. ಸೆನ್ಸರ್ ಎಡತೋಳಿನಲ್ಲಿತ್ತು. ಫೋನು ಬೆನ್ನ ಹಿಂದೆ, ಬಲಗಡೆಯ ಸ್ಟೂಲಿನ ಮೇಲೆ. ಎರಡರ ನಡುವೆ ಹುಡುಗಿಯ ಇಡೀ ಮೈ ಅಡ್ಡ ಇತ್ತು.

ಅವರು ನೀರಿನ ಬಕೆಟ್ಟನ್ನು ಅಲ್ಲೇ ಇಟ್ಟು ನೋಟ್‌ಬುಕ್ ತಂದರು. ಚರ್ಮಕ್ಕೆ ಬಿಡುವು ಸಿಗಲೆಂದು ಡಾಕ್ಟರು ಹದಿನಾಲ್ಕು ದಿನಕ್ಕೊಮ್ಮೆ ತೋಳು ಬದಲಿಸಲು ಹೇಳಿದ್ದರು. ಎಡತೋಳಿನ ಇಪ್ಪತ್ತು ರಾತ್ರಿಗಳಲ್ಲಿ ಹದಿಮೂರು ಸಲ ಹೋಗಿತ್ತು. ಬಲತೋಳಿನ ಹದಿನಾಲ್ಕರಲ್ಲಿ ಒಂದೂ ಇಲ್ಲ. ಬಲತೋಳಿಗೆ ಬದಲಿಸಿದ್ದು ನವೆಂಬರ್ ಹದಿನೇಳಕ್ಕೆ, ಮಗ ಐದು ಕೆಲಸ ಮಾಡಿದ ದಿನವೇ. ಎಡಕ್ಕೆ ಮರಳಿದ್ದು ಡಿಸೆಂಬರ್ ಒಂದಕ್ಕೆ.

ಇನ್ನೂ ಒಂದು ಸಂಗತಿ ಉಳಿದಿತ್ತು, ಅದನ್ನು ಕಾಫಿಯ ಹೊತ್ತಿಗೆ ಅವರೇ ಹೇಳಿದರು.

"ತಪ್ಪು ನಂದೇ. ಎಡಮಗ್ಗುಲಿಗೆ ಮಲಗು, ಉಂಡದ್ದು ಅರಗತ್ತೆ ಅಂತ ಮೂರು ವರ್ಷದ ಕೂಸಿದ್ದಾಗಿಂದ ತಟ್ಟಿ ಮಲಗಿಸಿದೋಳು ನಾನು."

ರಂಜನಿ ಲೋಟ ಕೆಳಗಿಟ್ಟಳು. "ಅತ್ತೆ, ಸೆನ್ಸರ್ ಕಂಪನಿಯವರ ಹತ್ರ ನಾನು ಎಷ್ಟು ಜಗಳ ಆಡಿದೀನಿ ಗೊತ್ತಾ?" ಎಂದವಳಿಗೆ ನಗು ತಡೆಯಲಾಗಲಿಲ್ಲ.

ಮಧ್ಯಾಹ್ನ ಪರೀಕ್ಷೆ ನಡೆಯಿತು. ವೀಕ್ಷಾ ಎಡಮಗ್ಗುಲಾಗಿ ಮಲಗಿದಳು, ಫೋನು ಸ್ಟೂಲಿನ ಮೇಲೆ. ಅಂಕಿ ನಿಂತಿತು, ಇಪ್ಪತ್ತು ನಿಮಿಷಕ್ಕೆ ಫೋನು ಕೂಗಿತು. ಬೇರೇನೂ ಮುಟ್ಟದೆ, ಅದೇ ಫೋನನ್ನು ಗೋಡೆಯ ಕಡೆ ಹಿಡಿದರು. ಎರಡು ನಿಮಿಷದಲ್ಲಿ ಅಂಕಿ ಮರಳಿತು. ಮೂರು ಸಲ ಮಾಡಿದರೂ ಮೂರು ಸಲವೂ ಹಾಗೇ.

ಮಂಚ ಗೋಡೆಗೆ ತಾಗಿತ್ತು, ಅತ್ತ ಸ್ಟೂಲಿಗೆ ಜಾಗವಿರಲಿಲ್ಲ. ಜಯಲಕ್ಷ್ಮಿಯವರು ದಿಂಬಿನ ನೇರಕ್ಕೆ ಗೋಡೆಗೆ ಒಂದು ಮೊಳೆ ಹೊಡೆಸಿ, ಯಾರದೋ ಮದುವೆಯಲ್ಲಿ ತಾಂಬೂಲಕ್ಕೆ ಕೊಟ್ಟಿದ್ದ ಹಳದಿ ಬಟ್ಟೆಚೀಲ ತೂಗುಹಾಕಿ ಫೋನನ್ನು ಅದರೊಳಗಿಟ್ಟರು. ಸೆನ್ಸರನ್ನೇ ಬಲತೋಳಿಗೆ ಹಾಕಿ ಏಳು ರಾತ್ರಿ ಮುಗಿಸಿಬಿಡೋಣ ಎಂದು ಗುರುಚರಣ ಸೂಚಿಸಿದ. ಅವರು ಒಪ್ಪಲಿಲ್ಲ. ಎಡತೋಳಿನಲ್ಲೇ ಪಾಸಾಗಬೇಕು, ಲೆಕ್ಕ ಹಾಕಿದರೆ ಶಿಬಿರದ ಹೊತ್ತಿಗೆ ಸರದಿ ಮತ್ತೆ ಎಡತೋಳಿನದೇ.

ಸೋಮವಾರ ಇಲ್ಲ. ಮಂಗಳವಾರ ಇಲ್ಲ. ಗುರುವಾರ ರಂಜನಿ ಅಲಾರಂ ಇಲ್ಲದೆ ಏಳೂವರೆವರೆಗೆ ಮಲಗಿ, ಗಾಬರಿಯಾಗಿ ಎದ್ದು ಓಡಿಬಂದಳು. ಹದಿನಾಲ್ಕರ ಬೆಳಿಗ್ಗೆ ಏಳೂ ರಾತ್ರಿಯ ಮುಂದೆ ಸೊನ್ನೆ ಬಿದ್ದಿತ್ತು. ಗುರುಚರಣ ನೋಟ್‌ಬುಕ್ಕನ್ನು ಎರಡು ಸಲ ಓದಿ, ಒಪ್ಪಿಗೆ ಪತ್ರ ತರಿಸಿ ಸಹಿ ಹಾಕಿದ.

ಜಯಲಕ್ಷ್ಮಿಯವರು ಮಾತ್ರ ಕಾರಣದ ಕಾಲಂ ತುಂಬಲಿಲ್ಲ. ಲೈನು ಶಿಬಿರದಲ್ಲೂ ಕೆಲಸ ಮಾಡಲಿ, ಆಮೇಲೆ ಎಂದರು.

ಜನವರಿ ನಾಲ್ಕರ ಬೆಳಿಗ್ಗೆ ರಂಜನಿ ಕಾಫಿ ಜೊತೆ ಫೋನನ್ನೂ ತಂದಿಟ್ಟಳು. ರಾತ್ರಿ ಎರಡು ಐವತ್ತಕ್ಕೆ ವೀಕ್ಷಾಳ ಸಕ್ಕರೆ ಅರವತ್ತನಾಲ್ಕಕ್ಕೆ ಇಳಿದಿತ್ತು. ತಿರುಚ್ಚಿಯಲ್ಲಿ ಅವಳ ಫೋನೂ ಪೆರಂಬೂರಿನಲ್ಲಿ ಅದಕ್ಕೆ ಜೋಡಿಸಿದ್ದ ತಾಯಿಯ ಫೋನೂ ಒಟ್ಟಿಗೆ ಕೂಗಿದ್ದವು. ತಾಯಿ ನಂಬರ್ ಒತ್ತುವ ಮೊದಲೇ ಮಗಳ ಸಂದೇಶ ಬಂದಿತ್ತು: ಎದ್ದಿದ್ದೇನೆ, ಜ್ಯೂಸ್ ಕುಡಿದಾಯಿತು, ನೀನು ಮಲಗು. ಮೂರೂಕಾಲಿಗೆ ಅಂಕಿ ನೂರನಾಲ್ಕು. ಅದರ ಕೆಳಗೆ ಬೆಳಿಗ್ಗೆ ಕಳಿಸಿದ ಒಂದು ಚಿತ್ರ: ಶಿಬಿರದ ಕಬ್ಬಿಣದ ಮಂಚ, ಅದರ ಎಡಗಡೆಯ ಸರಳಿಗೆ ಎರಡು ಗಂಟು ಹಾಕಿ ಕಟ್ಟಿದ ಹಳದಿ ಚೀಲ.

ಜಯಲಕ್ಷ್ಮಿಯವರು ಚಿತ್ರವನ್ನು ದೊಡ್ಡದು ಮಾಡಿ ಗಂಟುಗಳನ್ನು ನೋಡಿದರು. ಆಮೇಲೆ ನೋಟ್‌ಬುಕ್ ತೆರೆದರು.

"ಏನಂತ ಬರೀತೀಯಮ್ಮಾ?" ಗುರುಚರಣ ಬಗ್ಗಿ ಕೇಳಿದ.

ಅವರು ಎಕ್ಸ್‌ಚೇಂಜಿನ ದಿನಗಳ ದುಂಡು ಅಕ್ಷರದಲ್ಲಿ ಕಾರಣದ ಕಾಲಂ ತುಂಬಿದರು: ಅಜ್ಜಿ. ಕೆಳಗೆ ಗೆರೆ ಎಳೆದು, ತಾರೀಕು ಹಾಕಿ, ಸಹಿ ಮಾಡಿ, ಡಾಕೆಟ್ ಮುಚ್ಚಿದರು.